ಬಾಯಲ್ಲಿ ಬಿಳಿ ಪದರ: ಉಪ್ಪುನೀರು ಸರಿ, ಕಾರಣ ಹುಡುಕಿದಿರಾ?

ನಾಲಿಗೆ ಮೇಲೆ, ಕೆನ್ನೆಯ ಒಳಗೆ ಬೆಳ್ಳಗೆ ಕಟ್ಟಿಕೊಂಡಿದೆ, ಖಾರ ತಿಂದರೆ ಉರಿ, ಊಟ ರುಚಿಸುತ್ತಿಲ್ಲ. ಹೀಗೆ ಬರುವವರು ಸಾಮಾನ್ಯವಾಗಿ 'ಉಷ್ಣ ಆಗಿರಬೇಕು ಡಾಕ್ಟ್ರೇ' ಎನ್ನುತ್ತಾರೆ. ಅಷ್ಟರಲ್ಲಿ ಎಳನೀರು, ಮಜ್ಜಿಗೆ, ಬಿ ಕಾಂಪ್ಲೆಕ್ಸ್ ಮಾತ್ರೆ ಎಲ್ಲಾ ಮುಗಿದಿರುತ್ತದೆ. ನಾನು ಗಾಜ್ ಬಟ್ಟೆಯಿಂದ ಮೆಲ್ಲಗೆ ಒರೆಸಿ ನೋಡುತ್ತೇನೆ. ಹಾಲಿನ ಕೆನೆಯ ಹಾಗೆ ಎದ್ದು ಬಂದು, ಅಡಿಯಲ್ಲಿ ಕೆಂಪಗೆ ಹಸಿಯಾಗಿ ಕಂಡರೆ ಅದು ಹೆಚ್ಚಾಗಿ ಕ್ಯಾಂಡಿಡಾ ಫಂಗಸ್. ಒರೆಸಿದರೂ ಹೋಗದ ಬಿಳಿ ಮಚ್ಚೆಯ ಕಥೆಯೇ ಬೇರೆ. ತಂಬಾಕು, ಗುಟ್ಕಾ ಹಾಕುವವರು ಅದನ್ನು ತಡಮಾಡದೆ ತೋರಿಸಬೇಕು.

ಈ ಫಂಗಸ್ ಆರೋಗ್ಯವಂತರ ಬಾಯಲ್ಲೂ ಇರುತ್ತದೆ. ಅದು ಹೀಗೆ ಹಬ್ಬಬೇಕಾದರೆ ಏನೋ ಕಾರಣ ಇರಬೇಕು, ಅಲ್ವಾ? ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಆಗಷ್ಟೇ ಮುಗಿಸಿದ ಆಂಟಿಬಯಾಟಿಕ್, ಒಣಗಿದ ಬಾಯಿ, ಸ್ಟೀರಾಯ್ಡ್ ಇರುವ ಇನ್‌ಹೇಲರ್. ವಯಸ್ಸಾದವರಲ್ಲಾದರೆ ನಾನು ಮೊದಲು ನೋಡುವುದು ಹಲ್ಲಿನ ಸೆಟ್ಟನ್ನು.

ಮೇಲಿನ ಸೆಟ್ ತೆಗೆಸಿದರೆ ಅಂಗುಳ ಕೆಂಪಗಿರುತ್ತದೆ, ಅದೂ ಪ್ಲೇಟ್ ಕೂರುವಷ್ಟೇ ಜಾಗದಲ್ಲಿ, ಗೆರೆ ಎಳೆದಂತೆ. ಬಿಳಿ ಪದರ ಇಲ್ಲದೆಯೂ, ನೋವೇ ಇಲ್ಲದೆಯೂ ಹೀಗಾಗಬಹುದು. ರಾತ್ರಿ ತೆಗೆಯುತ್ತೀರಾ ಎಂದು ಕೇಳಿದರೆ ಸಂಕೋಚಪಡುತ್ತಾರೆ. ಮನೆಯವರ ಮುಂದೆ ಬೊಚ್ಚು ಬಾಯಲ್ಲಿ ಇರಲು ನಾಚಿಕೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಮಲಗುವಾಗ ತೆಗೆಯಲೇಬೇಕು. ಸೋಪು ಹಾಕಿ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ತೊಳೆದು, ನೀರಲ್ಲಿಡಿ. ಪೇಸ್ಟ್ ಬೇಡ, ಗೀರು ಬೀಳುತ್ತದೆ. ಬಾಯಿಗೆ ಮಾತ್ರ ಔಷಧಿ ಹಚ್ಚಿ ಸೆಟ್ಟನ್ನು ಹಾಗೇ ಬಿಟ್ಟರೆ ಅದರಲ್ಲಿದ್ದ ಫಂಗಸ್ ಮತ್ತೆ ಬಾಯಿಗೇ ಬರುತ್ತದೆ. ಇನ್‌ಹೇಲರ್ ಬಳಸುವವರು ಪ್ರತಿ ಸಲ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಫಂಗಸ್ ಆಯ್ತೆಂದು ಇನ್‌ಹೇಲರನ್ನೇ ನಿಲ್ಲಿಸಬೇಡಿ.

ಮನೆಮದ್ದಿನ ವಿಷಯಕ್ಕೆ ಬರೋಣ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ. ಉರಿ ಸ್ವಲ್ಪ ಇಳಿಯುತ್ತದೆ, ಬಾಯಿ ಶುಚಿಯಾಗುತ್ತದೆ. ಸಕ್ಕರೆ ಹಾಕದ ಮೊಸರು ತಿನ್ನಿ, ತೊಂದರೆಯಿಲ್ಲ. ಕೊಬ್ಬರಿ ಎಣ್ಣೆ ಈ ಫಂಗಸ್ಸನ್ನು ತಡೆಯುವುದು ಪ್ರಯೋಗಾಲಯದಲ್ಲಿ ಕಂಡಿದೆ ನಿಜ. ಆದರೆ ಅದನ್ನೇ ನಂಬಿ ವಾರಗಟ್ಟಲೆ ಕೂರುವಷ್ಟು ಆಧಾರ ಇಲ್ಲ. ಹಸಿ ಬೆಳ್ಳುಳ್ಳಿ, ನಿಂಬೆರಸ, ವಿನೆಗರ್ ಮಾತ್ರ ಬೇಡವೇ ಬೇಡ. ಮೊದಲೇ ಹಸಿಯಾದ ಬಾಯಿ ಸುಡುತ್ತದೆ.

ಮಗುವಿನ ನಾಲಿಗೆಗೆ ಜೇನು ಸವರುವುದು ಇನ್ನೂ ನಿಂತಿಲ್ಲ. 1 ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು, ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಪದರವನ್ನು ಬಟ್ಟೆಯಿಂದ ತಿಕ್ಕಿ ತೆಗೆಯಲೂ ಹೋಗಬೇಡಿ. ಮಗುವಿನ ಜೊತೆ ತಾಯಿಗೂ ಮೊಲೆತೊಟ್ಟು ಉರಿಯುತ್ತಿದ್ದರೆ ಇಬ್ಬರನ್ನೂ ಡಾಕ್ಟರಿಗೆ ತೋರಿಸಬೇಕು.

ಔಷಧಿ ಎಂದರೆ ಕ್ಲೋಟ್ರಿಮಜೋಲ್ ಮೌತ್ ಪೇಂಟ್ ಅಥವಾ ನಿಸ್ಟಾಟಿನ್ ಹನಿ, ಸಾಮಾನ್ಯವಾಗಿ 1ರಿಂದ 2 ವಾರ. ಬಿಳುಪು ಹೋಯಿತೆಂದು ಮಧ್ಯದಲ್ಲೇ ಬಿಡಬೇಡಿ. ನುಂಗುವಾಗ ನೋವಾದರೆ ಕಾಯದೆ ಬನ್ನಿ. ಪದೇ ಪದೇ ಬರುತ್ತಿದ್ದರೆ ಶುಗರ್ ಜೊತೆ ಎಚ್‌ಐವಿ ಪರೀಕ್ಷೆಯನ್ನೂ ಹೇಳುತ್ತೇವೆ, ತಪ್ಪು ತಿಳಿಯಬೇಡಿ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಿ. ಇದೇ ಫಂಗಸ್‌ಗೆ ಕೊಡುವ ಮೈಕೊನಜೋಲ್ ಜೆಲ್, ಫ್ಲುಕೊನಜೋಲ್ ಮಾತ್ರೆ ಅದರ ಜೊತೆ ಸೇರಿದರೆ ರಕ್ತಸ್ರಾವ ಆಗಬಹುದು.