ಕನ್ವರ್ಷನ್ ಆದ ಜಾಗಕ್ಕೂ ಪ್ಲಾನ್ ಯಾಕೆ ಸಿಗುವುದಿಲ್ಲ?

ಪ್ರಶ್ನೆ: ಬೆಂಗಳೂರಿನ ಹೊರವಲಯದಲ್ಲಿ 30×40 ಸೈಟು ಕೊಂಡಿದ್ದೇವೆ. ಜಮೀನಿಗೆ ಡಿಸಿ ಕನ್ವರ್ಷನ್ (ಜಿಲ್ಲಾಧಿಕಾರಿಯಿಂದ ಭೂ ಪರಿವರ್ತನೆ) ಆಗಿದೆ, ಕ್ರಯಪತ್ರವೂ ನೋಂದಣಿಯಾಗಿದೆ. ಆದರೂ ಮನೆಯ ಪ್ಲಾನ್ ಮಂಜೂರಾಗುತ್ತಿಲ್ಲ. ತೊಡಕು ಎಲ್ಲಿದೆ?

ಉತ್ತರ: 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿ ಕೊಡುವ ಆದೇಶ, ಈ ಜಮೀನನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸಬಹುದು ಎಂದಷ್ಟೇ ಹೇಳುತ್ತದೆ. ಅಲ್ಲಿ ಸೈಟು ಮಾಡಬಹುದೇ, ಎಷ್ಟು ಕಟ್ಟಬಹುದು ಎಂಬುದನ್ನು ನಿರ್ಧರಿಸುವುದು ಯೋಜನಾ ಪ್ರಾಧಿಕಾರ ಮತ್ತು ಸ್ಥಳೀಯ ಸಂಸ್ಥೆ. ಅದಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಬೇರೆಯೇ ಇದೆ.

ನಿಮ್ಮಂಥ ಪ್ರಕರಣಗಳಲ್ಲಿ ಹೆಚ್ಚಾಗಿ ಕಾಣುವ ಕೊರತೆ ಬಡಾವಣೆ ನಕ್ಷೆಯದು. ಒಂದೆರಡು ಎಕರೆ ಇಡಿಯಾಗಿ ಕನ್ವರ್ಷನ್ ಆಗಿರುತ್ತದೆ. ಮಾರುವವರು ಅದನ್ನು ಕಾಗದದ ಮೇಲೆ ತುಂಡು ಮಾಡಿ ಮಾರಿರುತ್ತಾರೆ. ಯೋಜನಾ ಪ್ರಾಧಿಕಾರ ಅನುಮೋದಿಸಿದ ಬಡಾವಣೆ ನಕ್ಷೆಯಲ್ಲಿ ನಿಮ್ಮ ಸೈಟಿನ ಸಂಖ್ಯೆ ಇಲ್ಲದಿದ್ದರೆ, ಕಚೇರಿಯ ಕಣ್ಣಿಗೆ ಆ ಸೈಟೇ ಇಲ್ಲ. ಆಮೇಲೆ ಎಲ್ಲರೂ ಸೇರಿ ಅನುಮೋದನೆ ಕೇಳಿದರೂ ಕೆಲಸ ಸಲೀಸಲ್ಲ. ಉದ್ಯಾನಕ್ಕೂ ನಾಗರಿಕ ಸೌಲಭ್ಯಕ್ಕೂ ಬಿಡಬೇಕಿದ್ದ ಜಾಗ ಆಗಲೇ ಮಾರಾಟವಾಗಿರುತ್ತದೆ, ರಸ್ತೆ ಇಪ್ಪತ್ತೇ ಅಡಿ ಇರುತ್ತದೆ.

ಎರಡನೆಯದು ವಲಯ. ಮಹಾಯೋಜನೆಯಲ್ಲಿ (ಯಾವ ಜಾಗ ಯಾವ ಬಳಕೆಗೆ ಎಂದು ಗುರುತಿಸುವ ನಗರ ಯೋಜನೆ) ಆ ಸರ್ವೆ ನಂಬರು ಹಸಿರು ವಲಯದಲ್ಲಿದ್ದರೆ ಅದೇ 1961ರ ಕಾಯ್ದೆಯ 14ಎ ಕಲಮಿನಡಿ ಭೂ ಉಪಯೋಗ ಬದಲಾವಣೆ ಆಗಬೇಕು. ಪತ್ರಿಕಾ ಪ್ರಕಟಣೆ, ಸಾರ್ವಜನಿಕರ ಆಕ್ಷೇಪಣೆ, ಸರ್ಕಾರದ ಪೂರ್ವಾನುಮತಿ ಎಲ್ಲ ಇರುವ ಈ ದಾರಿ ಒಂಟಿ ಸೈಟಿನವರಿಗೆ ಕೈಗೆಟುಕುವುದು ಕಷ್ಟ.

ಮೂರನೆಯದು ರಾಜಕಾಲುವೆ, ಅಂದರೆ ಮಳೆನೀರು ಹರಿದುಹೋಗುವ ಕಾಲುವೆ. ಇದರಲ್ಲಿ ಮೋಸ ಹೋದವರಿಗೆ ಹಣವೂ ವಾಪಸ್ಸಿಲ್ಲ, ಮನೆಯೂ ಇಲ್ಲ; ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015ರಲ್ಲಿ ಪ್ರಾಥಮಿಕ (ದೊಡ್ಡ) ಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ (ಮಧ್ಯಮ) 25, ತೃತೀಯಕ್ಕೆ (ಸಣ್ಣ) 15 ಮೀಟರ್ ಜಾಗವನ್ನು ಕಟ್ಟಡ ಕಟ್ಟದಂತೆ ಮೀಸಲು ಇಟ್ಟಿದ್ದಾರೆ. ಕೆರೆಗೆ 30 ಮೀಟರ್. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನು ಇನ್ನೂ ಹಿಗ್ಗಿಸಿತ್ತು. ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ರದ್ದು ಮಾಡಿತು. ಮಹಾಯೋಜನೆಯ ಅಳತೆ ಶುರುವಾಗುವುದು ಕಾಲುವೆಯ ನಡುಗೆರೆಯಿಂದ. 2 ಮೀಟರ್ ಅಗಲದ ತೃತೀಯ ಕಾಲುವೆ ಎಂದರೆ ದಡದಿಂದ ಆಚೆಗೆ 14 ಮೀಟರ್. 40 ಅಡಿ ಎಂದರೆ 12.2 ಮೀಟರ್. ಅಂದರೆ ಸಣ್ಣ ಮೋರಿಯಂತೆ ಕಾಣುವ ಕಾಲುವೆಗೆ ಅಂಟಿಕೊಂಡ 30×40 ಸೈಟು ಪೂರ್ತಿ ಮೀಸಲಿನೊಳಗೇ ಸೇರಿಹೋಗುತ್ತದೆ. ಸ್ಥಳದಲ್ಲಿ ಕಾಲುವೆ ಮುಚ್ಚಿಹೋಗಿದೆ ಎಂಬ ವಾದ ನಿಲ್ಲುವುದಿಲ್ಲ, ಅಧಿಕಾರಿಗಳು ನೋಡುವುದು ಗ್ರಾಮನಕ್ಷೆಯನ್ನು. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸೈಟಿನ ಮೇಲೆ ನಿಂತು ಸರ್ವೆ ನಂಬರು ತಿಳಿದುಕೊಂಡು, ಗ್ರಾಮನಕ್ಷೆ ಜೊತೆ ಹೋಲಿಸಿ. ಪಹಣಿಯ 3ನೇ ಕಾಲಮ್ಮಿನಲ್ಲಿ ‘ಬಿ’ ಖರಾಬು (ಬೇಸಾಯಕ್ಕೆ ಬಾರದ ಜಾಗ) ಇದ್ದರೆ ಅದು ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. ಅದು ಎಲ್ಲಿ ಬರುತ್ತದೆ ಎಂದು ಸರ್ವೆ ಸ್ಕೆಚ್ಚಿನಲ್ಲಿ ಗುರುತಿಸಿಕೊಳ್ಳಿ.

ಪರಿಸರ ಅನುಮತಿಯ ಬಗ್ಗೆ ನಿಮಗೆ ಚಿಂತೆ ಬೇಡ. 2006ರ ಅಧಿಸೂಚನೆಯಂತೆ ಅದು ಬೇಕಾಗುವುದು ಒಟ್ಟು ಕಟ್ಟಡ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದ ಕಟ್ಟಡಗಳಿಗೆ. ಅಪಾರ್ಟ್‌ಮೆಂಟ್ ಕಟ್ಟುವವರು ಎಡವುವುದು ಈ ಲೆಕ್ಕದಲ್ಲೇ: ಎಫ್‌ಎಆರ್‌ನಲ್ಲಿ (ಸೈಟಿನ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ) ಪಾರ್ಕಿಂಗ್ ಬಿಟ್ಟು ಎಣಿಸುವ ಅಭ್ಯಾಸದಿಂದ ಇಲ್ಲೂ ನೆಲಮಾಳಿಗೆಯನ್ನು ಬಿಡುತ್ತಾರೆ. ಇಲ್ಲಿ ನೆಲಮಾಳಿಗೆಯೂ ಸೇವಾ ಪ್ರದೇಶವೂ ಸೇರುತ್ತವೆ. ಬೇಲಿ ಹಾಕಿ ಜಾಗ ಕಾಪಾಡಿಕೊಳ್ಳುವುದು ಬಿಟ್ಟರೆ, ಅಂಥ ಕಟ್ಟಡಗಳಿಗೆ ಪರಿಸರ ಅನುಮತಿಗೆ ಮುಂಚೆ ಪಾಯ ಅಗೆಯುವುದೂ ಉಲ್ಲಂಘನೆ.

ನೀವು ಮೊದಲು ಮಾಡಬೇಕಾದ್ದು: ಪ್ಲಾನ್ ಯಾಕೆ ಆಗಿಲ್ಲ ಎಂಬುದಕ್ಕೆ ಕಚೇರಿಯಿಂದ ಲಿಖಿತ ಹಿಂಬರಹ (ಕಾರಣ ತಿಳಿಸುವ ಉತ್ತರ) ಕೇಳಿ ಪಡೆಯಿರಿ. ಬಾಯಿಮಾತಿನ ‘ಆಗಲ್ಲ’ ಇಟ್ಟುಕೊಂಡು ಮುಂದೆ ಮೇಲ್ಮನವಿಯೂ ಇಲ್ಲ, ಮಾರಿದವರ ಮೇಲೆ ದಾವೆಯೂ ಇಲ್ಲ. ಜೊತೆಗೆ ಕನ್ವರ್ಷನ್ ಆದೇಶದ ಪ್ರತಿಯನ್ನು ಕೊನೆಯ ಪುಟದವರೆಗೆ ಓದಿ. ಯೋಜನಾ ಪ್ರಾಧಿಕಾರದಿಂದ ವಿನ್ಯಾಸ ಅನುಮೋದನೆ ಪಡೆಯಬೇಕೆಂಬ ಷರತ್ತು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.