ಉಷ್ಣ ಮಸೂರ: ಡೈ ಲೇಸರ್ ಕೆಡಿಸುವ ಕಾಣದ ಮಸೂರ

ಡೈ ಲೇಸರ್‌ನಲ್ಲಿ ಬೆಳಕು ಹುಟ್ಟುವುದು ದ್ರಾವಣದೊಳಗೆ. ರೋಡಮೀನ್ 6ಜಿಯಂಥ ಬಣ್ಣವನ್ನು (ಡೈ) ಆಲ್ಕೋಹಾಲ್‌ನಲ್ಲೋ ನೀರಿನಲ್ಲೋ ಕರಗಿಸಿ, ಅದಕ್ಕೆ ಇನ್ನೊಂದು ಲೇಸರ್‌ನಿಂದ ಅಥವಾ ಫ್ಲ್ಯಾಶ್ ದೀಪದಿಂದ ಬೆಳಕು ಉಣಿಸುತ್ತಾರೆ. ಉಂಡದ್ದೆಲ್ಲ ಲೇಸರ್ ಆಗಿ ಹೊರಬರುವುದಿಲ್ಲ. 532 ನ್ಯಾನೋಮೀಟರ್‌ನ ಹಸಿರು ಫೋಟಾನ್ ಹೀರಿದ ಅಣು 590 ನ್ಯಾನೋಮೀಟರ್‌ನ ಕಿತ್ತಳೆ ಫೋಟಾನ್ ಬಿಟ್ಟರೆ, ಶಕ್ತಿಯ ಸುಮಾರು ಹತ್ತನೇ ಒಂದು ಪಾಲು ಶಾಖವಾಗಿ ದ್ರಾವಕಕ್ಕೆ ಸೇರುತ್ತದೆ. ಇದು ತಪ್ಪಿಸಲಾಗದ ಕನಿಷ್ಠ. ವಾಸ್ತವದಲ್ಲಿ ನಷ್ಟ ಇನ್ನೂ ಹೆಚ್ಚು.

ಬಿಸಿಯಾದ ದ್ರವ ಹಿಗ್ಗುತ್ತದೆ, ಅದರ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಗುಣದ ಅಳತೆ, ಇಳಿಯುತ್ತದೆ. ಉಣಿಸುವ ಲೇಸರ್ ಕಿರಣ ನಡುವೆ ಪ್ರಖರ, ಅಂಚಿನಲ್ಲಿ ಮಂದ. ಹಾಗಾಗಿ ಸೂಚ್ಯಂಕ ನಡುವೆ ಕಡಿಮೆಯಾಗಿ ಸುತ್ತ ಹೆಚ್ಚಿರುತ್ತದೆ. ಗಾಜೇ ಇಲ್ಲದ ಜಾಗದಲ್ಲಿ ಒಂದು ನಿಮ್ನ ಮಸೂರ ಸಿದ್ಧವಾಯಿತು! ಇದೇ ಉಷ್ಣ ಮಸೂರ. ಕಿರಣ ಹರಡಿ ಅದರ ಆಕಾರ ಕೆಡುತ್ತದೆ, ಲೇಸರ್‌ನ ಬಲವೂ ಕುಗ್ಗುತ್ತದೆ.

ದ್ರಾವಣ ಬಿಸಿಯಾಗುವುದಕ್ಕಿಂತ ಅದು ಎಲ್ಲೆಡೆ ಸಮನಾಗಿ ಬಿಸಿಯಾಗದಿರುವುದೇ ಇಲ್ಲಿ ದೊಡ್ಡ ತೊಂದರೆ. ಫ್ಲ್ಯಾಶ್ ದೀಪದ ಲೇಸರ್‌ಗಳಲ್ಲಿ ದ್ರಾವಣವನ್ನೂ ಅದರ ಕೊಳವೆಯ ಸುತ್ತ ಹರಿಯುವ ತಂಪು ನೀರನ್ನೂ ಒಂದೇ ಉಷ್ಣತೆಯಲ್ಲಿಡಲು ಪಾಡುಪಡುವುದು ಇದಕ್ಕಾಗಿಯೇ. ದೀಪದ ಅತಿನೇರಳೆ ಕಿರಣ ಶಾಖವನ್ನೇ ಹೆಚ್ಚಿಸುವುದರಿಂದ ಅದನ್ನು ಮೊದಲೇ ಸೋಸಿಬಿಡುತ್ತಾರೆ.

ದ್ರಾವಕಗಳಲ್ಲಿ ನೀರಿಗೆ ಸಾಟಿಯಿಲ್ಲ. ಉಷ್ಣತೆ ಒಂದು ಡಿಗ್ರಿ ಏರಿದಾಗ ಅದರ ಸೂಚ್ಯಂಕ ಬದಲಾಗುವುದು ಎಥನಾಲ್‌ನ ಸುಮಾರು ನಾಲ್ಕನೇ ಒಂದರಷ್ಟು ಮಾತ್ರ. ತಣಿಸಿ 4 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ತಂದರೆ ಬದಲಾವಣೆ ಇನ್ನೂ ಅತ್ಯಲ್ಪ. ಆದರೆ ನೀರಿನಲ್ಲಿ ಬಣ್ಣದ ಅಣುಗಳು ಒಂದಕ್ಕೊಂದು ಅಂಟಿಕೊಂಡು ಬೆಳಕು ಕೊಡುವುದನ್ನೇ ಬಿಡುತ್ತವೆ. 1970ರಲ್ಲಿ ಈಸ್ಟ್‌ಮನ್ ಕೊಡಾಕ್ ಕಂಪನಿಯ ಪೀಟರ್‌ಸನ್, ಟೂಚಿಯೋ, ಸ್ನೇವ್ಲಿ ಅವರು ನೀರಿಗೆ ಸೋಪಿನಂತೆ ವರ್ತಿಸುವ ರಾಸಾಯನಿಕ ಬೆರೆಸಿ ಈ ಅಂಟನ್ನು ಬಿಡಿಸಿದರು. ಎಡೆಬಿಡದೆ ಉರಿಯುವ ಮೊದಲ ಡೈ ಲೇಸರ್ ಹುಟ್ಟಿದ್ದು ಹಾಗೆ. ನನ್ನ ಮಟ್ಟಿಗೆ ಈ ಕಥೆಯ ಅತ್ಯಂತ ಜಾಣ ಹೆಜ್ಜೆ ಅದು.

ಇನ್ನೊಂದು ದಾರಿ ವೇಗ. ಬಿಸಿಯಾದ ದ್ರವವನ್ನು ಮಸೂರ ಬಲಿಯುವ ಮುನ್ನವೇ ಜಾಗ ಖಾಲಿ ಮಾಡಿಸಬೇಕು. ಬಿಟ್ಟು ಬಿಟ್ಟು ಮಿಡಿಯುವ ಲೇಸರ್‌ನಲ್ಲಿ ಸೆಕೆಂಡಿಗೆ 10,000 ಮಿಡಿತಗಳಿದ್ದರೆ ಎರಡರ ನಡುವಿನ ಬಿಡುವು 100 ಮೈಕ್ರೋಸೆಕೆಂಡ್. ಸೆಕೆಂಡಿಗೆ 10 ಮೀಟರ್ ಹರಿವಿದ್ದರೆ ದ್ರವ ಅಷ್ಟರಲ್ಲಿ 1 ಮಿಲಿಮೀಟರ್ ಸರಿದಿರುತ್ತದೆ, ಸಣ್ಣ ಬೆಳಕಿನ ಚುಕ್ಕೆಗೆ ಅದು ಸಾಕು. ಎಡೆಬಿಡದ ಲೇಸರ್‌ಗಳಲ್ಲಿ ಗಾಜಿನ ಗೋಡೆಯನ್ನೇ ಕೈಬಿಟ್ಟು, ದ್ರಾವಣವನ್ನು ತೆಳ್ಳನೆ ಪಟ್ಟಿಯಾಗಿ ಗಾಳಿಯಲ್ಲೇ ಚಿಮ್ಮಿಸುತ್ತಾರೆ. ಆ ಪಟ್ಟಿಯ ಮೈಮೇಲೆ ಅಲೆಯೇಳಬಾರದು. ಹಾಗಾಗಿ ಅಲ್ಲಿ ನೀರಿನ ಬದಲು ಸ್ನಿಗ್ಧತೆ ಹೆಚ್ಚಿರುವ ಎಥಿಲೀನ್ ಗ್ಲೈಕಾಲ್ ಮತ್ತು ಒಳಮೈಯನ್ನು ನುಣುಪಾಗಿ ಉಜ್ಜಿದ ನಳಿಕೆ ಬೇಕಾಗುತ್ತದೆ.