ನಕ್ಷತ್ರಗುಚ್ಛಕ್ಕೆ ಅಂಚು ಎಲ್ಲಿದೆ?

ಮೇ ತಿಂಗಳ ರಾತ್ರಿ ಹತ್ತರ ಸುಮಾರಿಗೆ ಕಲಬುರಗಿಯಿಂದ ನೇರ ದಕ್ಷಿಣಕ್ಕೆ ನೋಡಿ. ಧಗೆಗೆ ಮಾಳಿಗೆ ಮೇಲೆ ಮಲಗಿದವರು ಆಗ ಹೇಗೂ ಎಚ್ಚರ ಇರ್ತಾರೆ, ಅಲ್ವಾ? ಊರಿನ ದೀಪಗಳ ಕಾಟ ಇಲ್ಲದ ಕಡೆ, ಸುಮಾರು 25 ಡಿಗ್ರಿ ಎತ್ತರದಲ್ಲಿ ಮಸುಕಾದ ಚುಕ್ಕೆಯೊಂದು ಬರಿಗಣ್ಣಿಗೇ ಕಾಣುತ್ತದೆ. ಅದು ಒಮೆಗಾ ಸೆಂಟಾರಿ. ಸುಮಾರು ಒಂದು ಕೋಟಿ ನಕ್ಷತ್ರಗಳ ಗುಚ್ಛ.

ಇಂಥ ಗುಚ್ಛದ ನಡುವೆ ನಕ್ಷತ್ರಗಳು ಒತ್ತೊತ್ತಾಗಿರುತ್ತವೆ, ಹೊರಗೆ ಹೋದಂತೆ ತೆಳುವಾಗುತ್ತವೆ. ಹಾಗಾದರೆ ಗುಚ್ಛ ಎಲ್ಲಿಗೆ ಮುಗಿಯುತ್ತದೆ? ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿನ ಹತ್ತಿರ ಕಾಲಿಡಲು ಜಾಗ ಇರುವುದಿಲ್ಲ. ಆದರೆ ಜನಸಂದಣಿ ಇಲ್ಲಿಗೇ ಮುಗಿಯಿತು ಅಂತ ಗೆರೆ ಎಳೆಯಲು ಆಗುತ್ತದೆಯೇ? ಖಗೋಳ ವಿಜ್ಞಾನಿಗಳ ತಕರಾರೂ ಇದೇ.

ನಡುವಿನಿಂದ ಹೊರಗೆ ಹೋದಂತೆ ನಕ್ಷತ್ರಗಳ ಸಾಂದ್ರತೆ ಹೇಗೆ ಇಳಿಯುತ್ತದೆ ಎಂಬುದಕ್ಕೆ 1911ರಲ್ಲಿ ಇಂಗ್ಲೆಂಡಿನ ಎಚ್. ಸಿ. ಪ್ಲಮ್ಮರ್ ಒಂದು ಸೂತ್ರ ಕೊಟ್ಟರು. ಫೋಟೋ ಫಲಕಗಳ ಮೇಲೆ ನಕ್ಷತ್ರ ಎಣಿಸಿ ಸಿಕ್ಕ ಲೆಕ್ಕಕ್ಕೆ ಅದು ಚೆನ್ನಾಗಿ ಹೊಂದಿತು. ಆದರೆ ಸೂತ್ರ ಬಂದದ್ದು ನಕ್ಷತ್ರಗಳಿಂದ ಅಲ್ಲ. ಅನಿಲದ ಗೋಳ ಹೇಗೆ ಸಮತೋಲದಲ್ಲಿ ನಿಲ್ಲುತ್ತದೆ ಎಂದು 1883ರಲ್ಲಿ ಆರ್ಥರ್ ಶುಸ್ಟರ್ ಮಾಡಿದ್ದ ಲೆಕ್ಕ ಅದು. ಅದರಲ್ಲಿ ಅಂಚೇ ಇಲ್ಲ. ಎಷ್ಟು ದೂರ ಹೋದರೂ ಸಾಂದ್ರತೆ ಕಡಿಮೆಯಾಗುತ್ತದೆ, ಸೊನ್ನೆ ಆಗುವುದಿಲ್ಲ. ಆದರೂ ಕಂಪ್ಯೂಟರ್ ಲೆಕ್ಕ ಶುರು ಮಾಡುವಾಗ ಇಂದಿಗೂ ಜನ ಪ್ಲಮ್ಮರ್ ಸೂತ್ರವನ್ನೇ ಹಿಡಿಯುತ್ತಾರೆ. ನಿಜಕ್ಕೆ ಹತ್ತಿರ ಅಂತಲ್ಲ, ಸುಲಭ ಅಂತ!

ಲಾಹೋರಿನಲ್ಲಿ ಹುಟ್ಟಿದ ನಮ್ಮ ಖಗೋಳ ವಿಜ್ಞಾನಿ ಎಸ್. ಚಂದ್ರಶೇಖರ್ 1943ರಲ್ಲಿ ಬೇರೆ ದಾರಿಯಿಂದ ಬಂದರು. ಗುಚ್ಛದಲ್ಲಿ ನಕ್ಷತ್ರಗಳು ಡಿಕ್ಕಿ ಹೊಡೆಯುವುದು ತೀರಾ ಅಪರೂಪ. ಆದರೆ ಹತ್ತಿರ ಹಾದುಹೋಗುವಾಗ ಒಂದನ್ನೊಂದು ಎಳೆದು ವೇಗ ಬದಲಿಸಿಕೊಳ್ಳುತ್ತವೆ. ವೇಗ ಜಾಸ್ತಿಯಾದವು ತಪ್ಪಿಸಿಕೊಂಡು ಹೋಗುತ್ತವೆ. ಹೀಗೆ ಎಷ್ಟು ಕಾಲಕ್ಕೆ ಎಷ್ಟು ನಕ್ಷತ್ರಗಳು ಹೋಗುತ್ತವೆ ಎಂಬುದನ್ನೇ ಅವರು ಲೆಕ್ಕ ಹಾಕಿದರು. ಗುಚ್ಛ ನಿಂತ ಚಿತ್ರ ಅಲ್ಲ, ನಿಧಾನವಾಗಿ ಸೋರುವ ವಸ್ತು ಎಂಬುದು ಇದರಿಂದ ಗಟ್ಟಿಯಾಯಿತು.

ಅಂಚು ಸಿಕ್ಕಿದ್ದು 1962ರಲ್ಲಿ. ಅಮೆರಿಕದ ಐವನ್ ಕಿಂಗ್ ಅವರ ಸೂತ್ರದಲ್ಲಿ ಒಂದು ದೂರಕ್ಕೆ ಸಾಂದ್ರತೆ ಸೊನ್ನೆಯಾಗುತ್ತದೆ. ಅದರಾಚೆ ಗುಚ್ಛಕ್ಕಿಂತ ಆಕಾಶಗಂಗೆಯ ಸೆಳೆತವೇ ಜೋರು. ಮೊದಲು ಅದು ಬರೀ ಎಣಿಕೆಗೆ ಹೊಂದಿಸಿದ ಸೂತ್ರ. 1966ರಲ್ಲಿ ಅವರೇ ನಕ್ಷತ್ರಗಳ ವೇಗದಿಂದ ಹೊರಟು ಮಾದರಿ ಕಟ್ಟಿದರು. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಕೆಲಸ.

ಆದರೆ ನಡುಭಾಗ ಕೈಕೊಟ್ಟಿತು. ಎಂ15ರಂಥ ಕೆಲವು ಗುಚ್ಛಗಳ ಒಡಲು ಕುಸಿದು, ಕಿಂಗ್ ಮಾದರಿ ಹೇಳುವುದಕ್ಕಿಂತ ಒತ್ತಾಗಿದೆ. ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರಗಳು ಶಕ್ತಿ ಕೊಟ್ಟು ಆ ಕುಸಿತ ಇನ್ನೂ ಮುಂದುವರಿಯದಂತೆ ತಡೆಯುತ್ತವೆ.

ಒಂದೊಂದೇ ನಕ್ಷತ್ರವನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡೋಣ ಅಂದರೆ ಅದೂ ಸುಮ್ನೆ ಆಗುವ ಮಾತಲ್ಲ. 1960ರಲ್ಲಿ ಜರ್ಮನಿಯ ಫಾನ್ ಹೋರ್ನರ್ ಹಿಡಿದದ್ದು ಹೆಚ್ಚೆಂದರೆ 16 ನಕ್ಷತ್ರ, ಅಂದರೆ 120 ಜೋಡಿ ಸೆಳೆತ. ಹತ್ತು ಲಕ್ಷ ನಕ್ಷತ್ರಕ್ಕೆ ಜೋಡಿಗಳು ಸುಮಾರು 50 ಸಾವಿರ ಕೋಟಿ. ಆ ಮಟ್ಟದ ಲೆಕ್ಕ 2016ರ ಹೊತ್ತಿಗೆ ಸಾಧ್ಯವಾಯಿತು.

ಅಷ್ಟರಲ್ಲಿ ಅಂಚೂ ಮತ್ತೆ ಮಸುಕಾಗಿತ್ತು. ಪಾಲೋಮಾರ್ 5 ಎಂಬ ಗುಚ್ಛದಿಂದ ಎರಡೂ ಕಡೆ ನಕ್ಷತ್ರಗಳ ಉದ್ದ ಬಾಲ ಚಾಚಿರುವುದು 2001ರಲ್ಲಿ ಕಂಡಿತು. ಈ ಗುಚ್ಛದ ಸಡಿಲ ಮೈ ಮತ್ತು ಬಾಲ ಎರಡನ್ನೂ ಒಟ್ಟಿಗೆ ವಿವರಿಸಲು 2021ರ ಒಂದು ಮಾದರಿ ಅದರೊಳಗೆ ನೂರಕ್ಕೂ ಹೆಚ್ಚು ಕಪ್ಪುಕುಳಿಗಳನ್ನು ಲೆಕ್ಕಕ್ಕೆ ಸೇರಿಸಿತು. ಗುಚ್ಛದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಅವುಗಳದೇ ಅಂತೆ.